ಗಡ ಬಿತ್ತು, ಗುಡಿಯ ದಾರಿ ಉಳಿಯಿತು

ಬೆಳಗಾವಿಯ ಆಟೋ ನಗರದಲ್ಲಿ ದುಡಿಯುವವರಿಗೆ ಗುಡ್ಡದ ದೇವರೆಂದರೆ ಮೊದಲು ನೆನಪಾಗುವವನು ಪಕ್ಕದ ಕಣಬರಗಿಯ ಸಿದ್ಧೇಶ್ವರ. ಶ್ರಾವಣ ಬಂತೆಂದರೆ ಗ್ಯಾರೇಜಿನ ಹುಡುಗರು, ಲೇತ್ ಮಶೀನಿನ ಮುಂದೆ ನಿಲ್ಲುವವರು, ಲಾರಿಗೆ ಬಾಡಿ ಕಟ್ಟುವವರು ಸೋಮವಾರ ಬೆಳಗ್ಗೆ ಕೈಯಲ್ಲಿ ಕಾಯಿ ಹಿಡಿದು ಗುಡ್ಡ ಹತ್ತಿ ಬಂದು, ಆಮೇಲೆ ಕೆಲಸದ ಬಟ್ಟೆ ತೊಡುತ್ತಾರೆ. ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕಾಕತಿಯಲ್ಲಿ ಇನ್ನೊಬ್ಬ ಸಿದ್ಧೇಶ್ವರ. ಆ ಊರಿನ ಗುಡ್ಡದ ಮೇಲೆ ಹಾಳುಬಿದ್ದ ಕೋಟೆಯೊಂದಿದೆ. 1778ರಲ್ಲಿ ಕಿತ್ತೂರು ಚೆನ್ನಮ್ಮ ಹುಟ್ಟಿದ್ದು ಆ ಊರಿನ ದೇಸಾಯರ ಮನೆಯಲ್ಲಿ. ಪಟ್ಟಣ ದಾಟಿ ದಕ್ಷಿಣಕ್ಕೆ ಹೋದರೆ ಮೂರನೆಯ ಸಿದ್ಧೇಶ್ವರ ಯಳ್ಳೂರ ಗಡದ ಮೇಲೆ, ಕೋಟೆಯ ಒಳಗೇ ಕುಳಿತಿದ್ದಾನೆ. ರಾಜಹಂಸಗಡ ಎಂದೂ ಅದನ್ನು ಕರೆಯುತ್ತಾರೆ. ಇವತ್ತು ನಾನು ಮುಖ್ಯವಾಗಿ ಮಾತಾಡಬೇಕೆಂದಿರುವುದು ಆ ಗಡದ ಬಗ್ಗೆ, ಅದರ ಜೊತೆಗೆ ನಮ್ಮ ಸುತ್ತಲಿನ ಇನ್ನೊಂದೆರಡು ಗಡಗಳ ಬಗ್ಗೆ.

ಬೆಳಗಾವಿಯ ಸುತ್ತ ಇಷ್ಟು ಗಡಗಳು ಯಾಕೆ ಎದ್ದವು ಎಂಬುದಕ್ಕೆ ಉತ್ತರ ಪಡುವಣ ದಿಕ್ಕಿನಲ್ಲಿದೆ. ನಮ್ಮ ಊರು ಬಯಲುಸೀಮೆಯ ಅಂಚು, ಸಹ್ಯಾದ್ರಿಯ ಹೆಗಲು. ಇಲ್ಲಿಂದ ಪಡುವಣಕ್ಕೆ ನಡೆದರೆ ರಾಮಘಾಟ, ಚೋರ್ಲಾ, ತಿನೈಘಾಟ ಮುಂತಾದ ಇಳಿಜಾರುಗಳು ಸಿಗುತ್ತವೆ. ಅವುಗಳ ಕೆಳಗೆ ಗೋವೆ, ಸಾವಂತವಾಡಿ, ವೆಂಗುರ್ಲೆಯ ಕಡಲು. ರಸ್ತೆ, ರೈಲು ಬರುವ ಮುಂಚೆ ಹೇರೆತ್ತುಗಳ ಸಾಲು ಈ ಘಟ್ಟಗಳನ್ನು ಇಳಿದು ಅಕ್ಕಿ, ಅರಳೆ ಕೊಟ್ಟು, ಉಪ್ಪು, ತೆಂಗು ಹೊತ್ತು ಮರಳುತ್ತಿತ್ತು. ಘಟ್ಟ ಯಾರ ಕೈಯಲ್ಲಿದೆಯೋ ಸುಂಕ ಅವರದು. ಆ ಕಾರಣಕ್ಕೆ ಗೋವೆಯ ಕದಂಬರೂ ಸವದತ್ತಿಯ ರಟ್ಟರೂ ಈ ನೆಲಕ್ಕಾಗಿ ತಲೆಮಾರುಗಟ್ಟಲೆ ಸೆಣಸಿದರು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಭೂವರಾಹ ನರಸಿಂಹ ಗುಡಿ ಇದೆ, ನೋಡಿದವರು ಮರೆಯಲಾರರು. ಅಲ್ಲಿ ಕದಂಬ ಪೆರ್ಮಾಡಿ ಶಿವಚಿತ್ತನ ಕಾಲದ 1169ರ ಶಾಸನ ಇದೆ. ಅದಾಗಿ ಕೆಲವೇ ದಶಕಗಳಲ್ಲಿ ವೇಣುಗ್ರಾಮ, ಅಂದರೆ ನಮ್ಮ ಬೆಳಗಾವಿ, ರಟ್ಟರ ಕೈಸೇರಿತು. 1204ರಲ್ಲಿ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಅಧಿಕಾರಿ ಬೀಚಿರಾಜ ಇಲ್ಲಿ ಬಸದಿ ಕಟ್ಟಿಸಿದ. ಬೆಳಗಾವಿ ಕೋಟೆಯನ್ನು ಮೊದಲು ಕಟ್ಟಿಸಿದವನೂ ಅವನೇ ಎಂದು ಪರಂಪರೆ ಹೇಳುತ್ತದೆ. ಯಳ್ಳೂರ ಗಡಕ್ಕೂ ಮೊದಲ ಗೋಡೆ ಹಾಕಿಸಿದವರು ರಟ್ಟರೆಂದೂ, ಮುಂದೆ ಬಿಜಾಪುರದ ಆದಿಲ್‌ಶಾಹಿ ಅರಸರ ಪರವಾಗಿ ಬೆಳಗಾವಿ ಆಳಿದ ಅಸದ್ ಖಾನ್ ಲಾರಿ ಅದನ್ನು ಕಲ್ಲಿನಲ್ಲಿ ಭದ್ರ ಮಾಡಿಸಿದನೆಂದೂ ಸುತ್ತಲಿನ ಜನ ಹೇಳುತ್ತ ಬಂದಿದ್ದಾರೆ.

ಬೆಳಗಾವಿಯ ದೊಡ್ಡ ಕೋಟೆ ಸಮತಟ್ಟು ನೆಲದ ಮೇಲಿದೆ. ಸುತ್ತ ಕಂದಕ, ಅಗಸಿಯಲ್ಲಿ ಗಣಪತಿ ಮತ್ತು ದುರ್ಗಾದೇವಿ. ತಗ್ಗಿನಲ್ಲಿರುವ ಅಂಥ ಕೋಟೆಗೆ ದೂರ ಕಾಣುವ ಕಣ್ಣು ಬೇಕಿತ್ತು. ಆ ಕಣ್ಣಾಗಿದ್ದದ್ದು ಯಳ್ಳೂರ ಗುಡ್ಡ. ಅದರ ಬುರುಜಿನ ಮೇಲೆ ನಿಂತು ನೋಡಿದರೆ ಬೆಳಗಾವಿ ಪಟ್ಟಣ ಪೂರ್ತಿ ಕಾಣುತ್ತದೆ, ಖಾನಾಪುರದ ಕಡೆಗೆ ಹೋಗುವ ದಾರಿ ಕಾಣುತ್ತದೆ, ಪಡುವಣಕ್ಕೆ ಮಲೆನಾಡಿನ ಗುಡ್ಡಗಳ ಸಾಲು ಕಾಣುತ್ತದೆ. ಹಗಲು ಹೊಗೆ ಎಬ್ಬಿಸಿ, ರಾತ್ರಿ ಪಂಜು ಹಚ್ಚಿ ಸುದ್ದಿ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಸಿಗಲಾರದು.

ಇಂಥ ಗುಡ್ಡದ ಕೋಟೆ ನಿಂತಿದ್ದು ಎರಡು ಬಲಗಳ ಮೇಲೆ. ಒಂದು ಏರು, ಇನ್ನೊಂದು ನೀರು. ಏರು ಶತ್ರುವನ್ನು ದಣಿಸುತ್ತದೆ. ದಣಿದು ಮೇಲೆ ಬಂದವನಿಗೆ ಅಗಸಿ ನೆಟ್ಟಗೆ ಎದುರಾಗುವುದಿಲ್ಲ. ಗೋಡೆಯ ಮಗ್ಗುಲಲ್ಲೇ ನಡೆದು, ಬುರುಜು ಬಳಸಿ ತಿರುಗಬೇಕು. ಆ ತಿರುವಿನಲ್ಲಿ ಆನೆಗೆ ಓಡಿ ಬಂದು ಬಾಗಿಲು ಗುದ್ದಲು ಜಾಗ ಸಿಗುವುದಿಲ್ಲ, ಮೇಲಿನಿಂದ ಕಲ್ಲು ಉರುಳಿಸುವವರಿಗೆ ಕೆಳಗಿದ್ದವನ ಬೆನ್ನು ಸಿಗುತ್ತದೆ. ಎಷ್ಟು ಏರಿದ್ದರೂ ನೀರಿಲ್ಲದ ಗುಡ್ಡದಲ್ಲಿ ಹತ್ತು ದಿನ ನಿಲ್ಲಲಾಗದು. ಹಾಗಾಗಿ ಗಡ ಕಟ್ಟುವವರು ಮೊದಲು ನೀರಿನ ಸೆಲೆ ಹುಡುಕುತ್ತಿದ್ದರು, ಬಂಡೆ ಕಡಿದು ಮಳೆನೀರು ನಿಲ್ಲಿಸುತ್ತಿದ್ದರು. ನೀರು ಸಿಕ್ಕ ಕಡೆ ದೇವರು ಬಂದ. ಅಥವಾ ದೇವರು ಮೊದಲೇ ಇದ್ದ, ಅವನ ಅಭಿಷೇಕದ ನೀರಿನ ಜಾಡು ಹಿಡಿದು ಕೋಟೆ ಆಮೇಲೆ ಬಂತು. ನನಗೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಈ ಭಾಗದ ಗುಡ್ಡಗಳಲ್ಲಿ ನಾಥರು, ಸಿದ್ಧರು ಗವಿ ಹಿಡಿದು ತಪಸ್ಸಿಗೆ ಕುಳಿತ ನೆನಪು ಬಹಳ ಹಳೆಯದು. ಖಾನಾಪುರ ತಾಲ್ಲೂಕಿನ ಹಂಡಿ ಬಡಗನಾಥ ಮಠ ಇವತ್ತಿಗೂ ಆ ಪರಂಪರೆಯನ್ನು ನಡೆಸಿಕೊಂಡು ಬಂದಿದೆ. ಮೂರು ಗುಡ್ಡಕ್ಕೂ ಸಿದ್ಧೇಶ್ವರನೇ ಒಡೆಯನಾದದ್ದರ ಹಿಂದೆ ಆ ನೆನಪು ಇದ್ದೀತು.

ಯಳ್ಳೂರ ಕಡೆಯಿಂದ ಹೋಗುವಾಗ ದಾರಿಯ ಎರಡೂ ಬದಿಗೆ ಗದ್ದೆ. ಬೆಳಗಾವಿ ಬಾಸ್ಮತಿ ಎಂದು ಹೆಸರಾದ ಅಕ್ಕಿ ಬೆಳೆದ ನೆಲ ಇದು. ಊರೊಳಗೆ ಚಾಂಗಳೇಶ್ವರಿ ದೇವಿಯ ಗುಡಿ. ಅಲ್ಲಿಯ ಜಾತ್ರೆಯ ಕುಸ್ತಿಗೆ ದೂರದ ಪೈಲವಾನರು ಬರುತ್ತಾರೆ. ದೇವಿಗೆ ಕೈಮುಗಿದು ಮುಂದೆ ಹೊರಟರೆ ಗುಡ್ಡದ ಮೈಮೇಲೆ ರಾಜಹಂಸಗಡ ಎಂಬ ಸಣ್ಣ ಊರು, ಅದರ ಮೇಲೆ ಕೋಟೆ. ಕೆಳಗೆ ದೇವಿ, ಮೇಲೆ ಶಿವ, ನಡುವೆ ಒಕ್ಕಲು. ಗಡವನ್ನು ಕಾಯ್ದ ಸಿಪಾಯಿಗಳ ಅಕ್ಕಿ, ಬೇಳೆ, ಹುಲ್ಲು, ಸೌದೆ ಎಲ್ಲ ಇದೇ ದಾರಿಯಲ್ಲಿ ಮೇಲೆ ಹೋಗಿರಬೇಕು.

ಆ ಏರಿನಲ್ಲಿ ಒಮ್ಮೆ ಒಬ್ಬ ಅಜ್ಜಿ ಜೊತೆಯಾದರು. ಸೆರಗಿನಲ್ಲಿ ಬಿಲ್ವಪತ್ರೆ ಕಟ್ಟಿಕೊಂಡಿದ್ದರು. ದಮ್ಮು ಹತ್ತಿ ಒಂದು ಕಲ್ಲಿನ ಮೇಲೆ ಕುಳಿತಾಗ ನಾನು ಕೇಳಿದೆ: ‘ಯಾಕಬೇ ಅಜ್ಜಿ, ಈ ವಯಸ್ಸಿನಾಗ ಕೋಟಿ ನೋಡಾಕ ಬಂದೀರೇನು?’

ಅವರು ಹೇಳಿದರು: ‘ಕೋಟಿ ನೋಡಿ ನಾ ಏನ್ ಮಾಡ್ಲೋ ತಮ್ಮಾ? ಸಿದ್ಧಪ್ಪನ್ನ ನೋಡಾಕ ಬಂದೀನಿ. ನಮ್ಮತ್ತಿ ಬರ್ತಿದ್ರು, ನಾನೂ ಬರ್ತೀನಿ.’

ಆ ಅಜ್ಜಿ ಕುಳಿತಿದ್ದ ಕಲ್ಲು ಕೋಟೆಯ ಗೋಡೆಯಿಂದ ಉರುಳಿ ಬಿದ್ದದ್ದು. ಅವರ ಮಾತನ್ನು ನಾನು ಬಹಳ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಗಡದ ಸಿಪಾಯಿ ಹೋಗಿ ಇನ್ನೂರು ವರ್ಷವಾಯಿತು. ತೋಪು ಹೋಯಿತು, ಮದ್ದಿನ ಕೋಣೆ ಹೋಯಿತು. ಅತ್ತೆ ಬಂದ ದಾರಿಯಲ್ಲಿ ಸೊಸೆ ಬರುವುದು ಮಾತ್ರ ನಿಲ್ಲಲಿಲ್ಲ. ಅವರ ಕಾಲಡಿಯಲ್ಲಿ ದಾರಿ ಮುಚ್ಚಿಹೋಗದೆ ಉಳಿಯಿತು. ಅಭಿಷೇಕಕ್ಕೆ ನೀರು ಬೇಕಾದ್ದರಿಂದ ನೀರಿನ ತಾವನ್ನು ಯಾರೋ ಒಬ್ಬರು ಹೂಳು ತೆಗೆದು ಇಟ್ಟರು. ಗುಡಿಯ ಪೂಜಾರಿಗಳಾದ ಗುರವರು ದಿನವೂ ದೀಪ ಹಚ್ಚುವುದರಿಂದ ಅಂಗಳದ ಕಸ ಹೋಯಿತು. ಗಡವನ್ನು ನಮ್ಮ ಕಾಲದವರೆಗೆ ತಂದು ಮುಟ್ಟಿಸಿದವರು ಈ ಭಕ್ತರು, ಈ ಪೂಜಾರಿಗಳು. ಇತಿಹಾಸದ ಪುಸ್ತಕಗಳಲ್ಲಿ ಅವರ ಹೆಸರಿಲ್ಲ. ಅವರ ಋಣವನ್ನು ಬಾನುಲಿಯಲ್ಲಿ ಗಟ್ಟಿಯಾಗಿ ಹೇಳಬೇಕೆಂದು ನನಗೆ ಬಹಳ ದಿನದಿಂದ ಆಸೆಯಿತ್ತು.

ಸಿಪಾಯಿ ಯಾಕೆ ಹೋದ ಎಂಬುದನ್ನೂ ಹೇಳಬೇಕು. ಕೋಟೆಯ ಕಾಲ ಮುಗಿಯುವ ಮುನ್ಸೂಚನೆ ನಮ್ಮ ಬೆಳಗಾವಿಯಲ್ಲೇ ಬಹಳ ಮುಂಚೆ ಸಿಕ್ಕಿತ್ತು. 1472ರಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ ಇಲ್ಲಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯ ಬುಡಕ್ಕೆ ಸುರಂಗ ತೋಡಿಸಿ ಮದ್ದು ಸಿಡಿಸಿದ. ದಖ್ಖನದಲ್ಲಿ ಕೋಟೆ ಒಡೆಯಲು ಮದ್ದು ಬಳಸಿದ ಮೊದಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಆದರೂ ಕೋಟೆಗಳು ಮೂರೂವರೆ ಶತಮಾನ ಕಾಲ ಕೆಲಸಕ್ಕೆ ಬಂದವು. 1818ರ ಮಾರ್ಚ್ 20ರಂದು ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋ ಬೆಳಗಾವಿ ಕೋಟೆಯನ್ನು ಮುತ್ತಿದ. ಏಪ್ರಿಲ್ 10ರಂದು ಕೋಟೆ ಶರಣಾಯಿತು. ಇಲ್ಲಿ ಮರಾಠಾ ಪೇಶವೆಯ ಆಳ್ವಿಕೆ ಮುಗಿಯಿತು. ಬ್ರಿಟಿಷರು ಕೆಳಗಿನ ಕೋಟೆಯ ಪಕ್ಕದಲ್ಲಿ ಛಾವಣಿ ಮಾಡಿಕೊಂಡು ಕುಳಿತರು. ಗುಡ್ಡದ ಮೇಲಿನ ಗಡ ಅವರಿಗೆ ಬೇಡವಾಯಿತು. ಅದಕ್ಕಿಂತ ಮುಖ್ಯವಾಗಿ, ಅದು ಬೇರೆಯವರ ಕೈಗೆ ಸಿಗಬಾರದಾಗಿತ್ತು.

ಆ ಭಯ ಸುಳ್ಳಾಗಲಿಲ್ಲ. ಇಲ್ಲಿಂದ ಉತ್ತರಕ್ಕೆ, ಗಡಹಿಂಗ್ಲಜದ ಹತ್ತಿರ ಸಾಮಾನಗಡ ಇದೆ. ಗಡ ಕಾಯುವ ಕೆಲಸವನ್ನು ವಂಶಪಾರಂಪರ್ಯವಾಗಿ ಮಾಡುತ್ತಿದ್ದವರನ್ನು ಗಡಕರಿಗಳು ಎನ್ನುತ್ತಿದ್ದರು. ಕಾವಲಿಗೆ ಪ್ರತಿಯಾಗಿ ಅವರಿಗೆ ಇನಾಮು ಭೂಮಿ. ಕೊಲ್ಹಾಪುರ ಸಂಸ್ಥಾನದಲ್ಲಿ ಆ ಹಕ್ಕುಗಳಿಗೆ ಕೈಹಾಕಿದಾಗ, 1844ರಲ್ಲಿ ಗಡಕರಿಗಳು ಸಾಮಾನಗಡದ ಬಾಗಿಲು ಹಾಕಿಕೊಂಡು ದಂಗೆ ಎದ್ದರು. ಭೂದರಗಡಕ್ಕೂ ಅದು ಹಬ್ಬಿತು. ದಂಗೆ ಅಡಗಿಸಿದ ಮೇಲೆ ಸರಕಾರ ಗಡಗಳ ಗೋಡೆಗಳನ್ನು ಕೆಡವಿಸಿತು. ಅಂದರೆ ನಾವು ಇವತ್ತು ನೋಡುವ ಹಾಳುಗೋಡೆಗಳೆಲ್ಲ ಮಳೆಗಾಳಿಗೆ ತಾವಾಗಿ ಬಿದ್ದವಲ್ಲ. ಕೆಲವನ್ನು ಬೇಕೆಂದೇ ಬೀಳಿಸಲಾಯಿತು. ಅಂಥ ಗಡದಲ್ಲೂ ದೇವರ ಗುಡಿಗೆ ಮಾತ್ರ ಪೂಜೆ ನಡೆಯಿತು. ಗಡಕರಿಯ ಮಕ್ಕಳು ಕತ್ತಿ ಇಟ್ಟು ನೇಗಿಲು ಹಿಡಿದರು. ಅವರ ಕುಲದೇವರು ಮೇಲೆಯೇ ಉಳಿದ.

ಕಾವಲು ಹೋದರೂ ದೇವರು ಉಳಿದದ್ದಕ್ಕೆ ಒಳ್ಳೆಯ ಸಾಕ್ಷಿ ಮಹಿಪಾಲಗಡ. ಬೆಳಗಾವಿಯವರು ವೈಜನಾಥ ಗುಡ್ಡ ಎಂದೇ ಬಲ್ಲರು. ವೆಂಗುರ್ಲೆ ರಸ್ತೆ ಹಿಡಿದು ಶಿನೋಳಿಯ ಹತ್ತಿರ ರಾಜ್ಯದ ಗಡಿ ದಾಟಿದರೆ ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲ್ಲೂಕು. ದೇವರವಾಡಿ ಊರಿನಿಂದ ಮೇಲೆ ಹೋದರೆ ಗಿಡಮರಗಳ ನೆರಳಲ್ಲಿ ವೈಜನಾಥನ ಹಳೆಯ ಕಲ್ಲುಗುಡಿ, ಮಗ್ಗುಲಲ್ಲಿ ಆರೋಗ್ಯ ಭವಾನಿ, ಹತ್ತಿರದಲ್ಲೇ ನೀರಿನ ಹೊಂಡ. ಮೈಗೆ ಹುಷಾರಿಲ್ಲದವರು ಆ ದೇವಿಗೆ ಹರಕೆ ಹೊರುತ್ತಾರೆ. ಅಲ್ಲಿಂದ ಇನ್ನೂ ಮೇಲೆ ಗಡ. ಅಲ್ಲಿಯ ವಿಶೇಷವೆಂದರೆ ಗಡದ ಒಳಗೆ ಇವತ್ತಿಗೂ ಊರಿದೆ. ಅಂಗಳದಲ್ಲಿ ದನ ಕಟ್ಟಿದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಬುರುಜಿನ ಆಚೆ ಕಡಿದಾದ ಪ್ರಪಾತ. ಬಂಡೆ ಕೊರೆದು ಮಾಡಿದ, ಮೆಟ್ಟಿಲಿಳಿದು ಹೋಗುವ ದೊಡ್ಡ ಬಾವಿಯೊಂದಿದೆ. ಆ ಬಾವಿಯ ಬಾಯಲ್ಲಿ ನಿಂತು ಕೆಳಗೆ ನೋಡಿದಾಗ ಗಡ ಕಟ್ಟಿದವರ ಶ್ರಮ ಅರ್ಥವಾಗುತ್ತದೆ. ಉಳಿ, ಸುತ್ತಿಗೆ ಬಿಟ್ಟರೆ ಬೇರೆ ಆಯುಧವಿಲ್ಲದ ಕಾಲದಲ್ಲಿ ಅಷ್ಟು ಕಲ್ಲು ಕಡಿದು ಹೊತ್ತು ಹಾಕಿದವರು ಯಾರೋ, ಎಷ್ಟು ಜನವೋ. ಗೋಡೆ ಕಟ್ಟಿಸಿದ ಅರಸನ ಹೆಸರನ್ನು ನಾವು ಹುಡುಕುತ್ತೇವೆ, ಬಾವಿ ಕಡಿದ ಒಡ್ಡರ ಹೆಸರು ಕೇಳುವುದಿಲ್ಲ.

ಆ ಗುಡ್ಡಕ್ಕೆ ಬೆಳಗಾವಿಯ ಕನ್ನಡದವರೂ ಹೋಗುತ್ತಾರೆ, ಮರಾಠಿಯವರೂ ಹೋಗುತ್ತಾರೆ. ಪ್ರಸಾದದ ಸಾಲಿನಲ್ಲಿ ಎರಡೂ ನುಡಿ ಕೇಳಿಸುತ್ತದೆ. ಅರ್ಧ ಮಾತು ಇದರಲ್ಲಿ, ಅರ್ಧ ಅದರಲ್ಲಿ ಆಡುವವರೂ ಬೇಕಾದಷ್ಟು. ಗಡಿಯ ತಕರಾರಿನ ಸುದ್ದಿ ಓದಿ ನಮ್ಮ ಸೀಮೆಯನ್ನು ಬಲ್ಲೆವೆಂದುಕೊಂಡ ದೂರದವರು ಒಂದು ಸೋಮವಾರ ಅಲ್ಲಿ ಬಂದು ನಿಲ್ಲಬೇಕು.

ಈ ಮಹಿಪಾಲಗಡದ ಎದುರು ಭೀಮಗಡವನ್ನು ಇಟ್ಟು ನೋಡಿ. ಅದು ಖಾನಾಪುರ ತಾಲ್ಲೂಕಿನ ದಟ್ಟ ಕಾಡಿನೊಳಗಿದೆ. ಗೋವೆಯ ಪೋರ್ಚುಗೀಸರ ಮೇಲೆ ಕಣ್ಣಿಡಲು ಶಿವಾಜಿ ಮಹಾರಾಜರು ಕಟ್ಟಿಸಿದರೆಂದು ಪ್ರತೀತಿ. ಮಹದಾಯಿ ಹುಟ್ಟುವ ಕಾಡು ಅದು. ಬಾರಾಪೇಡೆ ಗವಿಗಳಲ್ಲಿ ಬಹಳ ಅಪರೂಪದ ಜಾತಿಯ ಬಾವಲಿಗಳಿವೆ. 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಿದರು. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಬೇಕಾದದ್ದೇ. ಯಳ್ಳೂರಿನಂತೆ ಸೋಮವಾರದ ಜನಸಾಗರ ಅಲ್ಲಿಗೆ ಏರುವುದಿಲ್ಲ. ಕಾವಲು ಹೋದ ಮೇಲೆ ಕಾಡು ಬಂದು ಗಡವನ್ನು ತನ್ನದು ಮಾಡಿಕೊಂಡಿತು. ಬಳ್ಳಿ, ಬೇರು, ಪೊದೆ ಗೋಡೆಯನ್ನು ನುಂಗುತ್ತಿವೆ. ಕಾಡಿನ ದೃಷ್ಟಿಯಿಂದ ಅದು ಒಳ್ಳೆಯದೇ. ಬಾವಲಿಗೂ ಹುಲಿಗೂ ನೆಮ್ಮದಿ ಬೇಕು, ಅಲ್ಲಿ ರಸ್ತೆ ಮಾಡಿ ಎಂದು ನಾನು ಯಾವತ್ತೂ ಕೇಳುವುದಿಲ್ಲ. ಆದರೆ ಉಳಿದಿರುವ ಗೋಡೆ, ಅಗಸಿಗಳನ್ನು ಅಳೆದು, ನಕ್ಷೆ ಬರೆದು, ಚಿತ್ರ ತೆಗೆದು ಇಡುವುದಕ್ಕೆ ಯಾವ ಪ್ರಾಣಿಯ ಅಡ್ಡಿಯೂ ಇಲ್ಲ.

ಈಗ ಯಳ್ಳೂರ ಗಡದ ಇಂದಿನ ಸ್ಥಿತಿಗೆ ಬರುತ್ತೇನೆ. ಈಚಿನ ವರ್ಷಗಳಲ್ಲಿ ಅಲ್ಲಿಗೆ ರಸ್ತೆ ಬಂತು, ದುರಸ್ತಿ ನಡೆಯಿತು, 2023ರ ಮಾರ್ಚ್‌ನಲ್ಲಿ ಶಿವಾಜಿ ಮಹಾರಾಜರ ದೊಡ್ಡ ಪ್ರತಿಮೆಯ ಅನಾವರಣವಾಯಿತು. ಅಜ್ಜಿಯರು ಏದುಸಿರು ಬಿಟ್ಟು ಹತ್ತುತ್ತಿದ್ದ ಗುಡ್ಡಕ್ಕೆ ಈಗ ರವಿವಾರ ಗಾಡಿಗಳ ಸಾಲು. ಜನ ಬರುವುದು ನನಗೆ ಸಂತೋಷ. ಬರುವ ಜನಕ್ಕೆ ಗೋಡೆ ತಾಳಿಕೊಳ್ಳುತ್ತದೆಯೇ ಎಂಬುದು ಚಿಂತೆ. ಗೋಡೆಯ ಮೇಲೆ ಹತ್ತಿ ಕುಣಿಯುವುದು, ಚೂಪು ಕಲ್ಲಿನಿಂದ ಹೆಸರು ಕೊರೆಯುವುದು, ಸಂದಿನಲ್ಲಿ ಬಾಟಲಿ ತುರುಕುವುದು, ಇವನ್ನೆಲ್ಲ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕೋಟೆಯ ಗೋಡೆಯ ಒಳಗುಟ್ಟು ಸ್ವಲ್ಪ ತಿಳಿದರೆ ಜನ ಹಾಗೆ ಮಾಡಲಾರರು ಎಂಬ ನಂಬಿಕೆಯಿಂದ ಹೇಳುತ್ತೇನೆ. ಹೊರಗಿನಿಂದ ನೋಡಿದರೆ ಗೋಡೆ ಒಂದೇ ಗಟ್ಟಿ ಕಲ್ಲಿನಂತೆ ಕಾಣುತ್ತದೆ. ನಿಜದಲ್ಲಿ ಹೊರಮುಖಕ್ಕೊಂದು, ಒಳಮುಖಕ್ಕೊಂದು ಕಲ್ಲಿನ ಸಾಲು, ನಡುವೆ ಮಣ್ಣು, ಜಲ್ಲಿ, ಚೂರುಗಲ್ಲು ತುಂಬಿರುತ್ತಾರೆ. ಮೇಲೆ ಗಚ್ಚು ಹಾಕಿ ನೀರು ಇಳಿಯದಂತೆ ಮುಚ್ಚಿರುತ್ತಾರೆ. ಆ ಮೇಲಿನ ಗಚ್ಚು ಬಿರಿದರೆ ಆಪತ್ತು ಅಲ್ಲಿಂದ ಶುರು. ನಮ್ಮ ಕಡೆಯ ಮಳೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ನೀರು ಒಳಗಿಳಿದು ಮಣ್ಣು ಉಬ್ಬುತ್ತದೆ, ಹೊರಗಿನ ಕಲ್ಲಿನ ಸಾಲು ಮುಂದಕ್ಕೆ ಬಾಗುತ್ತದೆ. ‘ಗ್ವಾಡಿ ಹೊಟ್ಟಿ ಬಿಟ್ಟೈತಿ’ ಅನ್ನುತ್ತಾರೆ ಗೌಂಡಿಗಳು. ಹೊಟ್ಟೆ ಬಿಟ್ಟ ಗೋಡೆ ಇವತ್ತಲ್ಲ ನಾಳೆ ಬೀಳುವುದೇ. ಅಂಥ ಗೋಡೆಗೆ ಸಿಮೆಂಟ್ ಬಳಿದರೆ ಎರಡು ವರ್ಷ ಚೆಂದ ಕಾಣುತ್ತದೆ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಕಲ್ಲೇ ಸವೆಯುತ್ತದೆ. ಸುಣ್ಣದ ಗಾರೆ ಹಾಗಲ್ಲ. ಅದು ತೇವವನ್ನು ಹೊರಗೆ ಬಿಡುತ್ತದೆ, ಗೋಡೆ ತುಸು ಅಲುಗಿದರೂ ಜೊತೆಗೆ ಹೊಂದಿಕೊಳ್ಳುತ್ತದೆ. ಸುಣ್ಣ ಕೊಳೆಹಾಕಿ, ಗಾಣದಲ್ಲಿ ಅರೆದು ಗಾರೆ ಮಾಡುವುದಕ್ಕೆ ದಿನಗಳು ಹಿಡಿಯುತ್ತವೆ. ಗುತ್ತಿಗೆಯ ಅವಧಿ ಲೆಕ್ಕಹಾಕುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಹಳೆಯ ಕಟ್ಟಡದ ದುರಸ್ತಿಗೆ ಹಣ ಕೊಡುವವರು ತಾಳ್ಮೆಗೂ ಹಣ ಕೊಡಬೇಕು.

ಇನ್ನೊಂದು ಸಂಗತಿ ಭಕ್ತಿಗೆ ಸಂಬಂಧಿಸಿದ್ದು, ಹಾಗಾಗಿ ಮೆತ್ತಗೆ ಹೇಳಬೇಕು. ಹಕ್ಕಿಗಳು ಹಣ್ಣು ತಿಂದು ಗೋಡೆಯ ಮೇಲೆ ಕುಳಿತಾಗ ಬೀಜ ಬೀಳುತ್ತದೆ. ಅರಳಿ, ಆಲ, ಅತ್ತಿ ಗೋಡೆಯ ಸಂದಿನಲ್ಲಿ ಚಿಗುರುತ್ತವೆ. ಬೆರಳು ಗಾತ್ರದ ಬೇರು ಹತ್ತು ವರ್ಷದಲ್ಲಿ ತೊಡೆ ಗಾತ್ರವಾಗಿ ಬುರುಜನ್ನೇ ಸೀಳುತ್ತದೆ. ಇವು ದೇವರ ಗಿಡಗಳು, ಕಡಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಎರಡೆಲೆ ಒಡೆದಾಗಲೇ ಅದನ್ನು ಬೇರುಸಮೇತ ಎತ್ತಿ, ಗುಡ್ಡದ ಕೆಳಗೆ ಒಂದು ಕಟ್ಟೆ ಕಟ್ಟಿ ನೆಟ್ಟು ಪೂಜೆ ಮಾಡಿದರೆ ಗಿಡವೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಇದಕ್ಕೆ ಎಂಜಿನಿಯರು ಬೇಡ. ಗುಡಿಯ ಗುರವರು ಮತ್ತು ಊರಿನ ಹುಡುಗರು ಸಾಕು. ಬೆಳೆದು ದಪ್ಪಗಾದ ಗಿಡವನ್ನು ಮಾತ್ರ ಯಾರೂ ಎಳೆಯಬಾರದು. ಎಳೆದರೆ ಅದರ ಜೊತೆ ಗೋಡೆಯೇ ಬರುತ್ತದೆ. ಅದಕ್ಕೆ ಪುರಾತತ್ವ ಇಲಾಖೆಯ ಬಲ್ಲವರೇ ಬೇಕು.

ಗುಡಿಗೆ ಹಣ ಕೊಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಉದ್ಯಮಬಾಗದ ಎರಕದ ಕಾರ್ಖಾನೆಯವರು, ಆಟೋ ನಗರದ ಅಂಗಡಿಕಾರರು ಗುಡಿಯ ನೆಲಕ್ಕೆ ಫರಸಿ ಹಾಕಿಸುತ್ತಾರೆ, ಗಂಟೆ ಮಾಡಿಸಿ ಕೊಡುತ್ತಾರೆ, ಅನ್ನಸಂತರ್ಪಣೆ ಮಾಡುತ್ತಾರೆ. ಆ ಸೇವೆ ದೊಡ್ಡದು. ಅದೇ ಕೈ ಗೋಡೆಯ ಕಡೆಗೂ ಚಾಚಬೇಕು ಎಂಬುದು ನನ್ನ ಬೇಡಿಕೆ. ಸಿದ್ಧೇಶ್ವರನಿಗೆ ಆ ಗೋಡೆ ಪ್ರಾಕಾರವೇ ತಾನೆ? ಗರ್ಭಗುಡಿಗೆ ಬಣ್ಣ ಹಚ್ಚಿ ಪ್ರಾಕಾರ ಉರುಳಲು ಬಿಟ್ಟರೆ ಸೇವೆ ಅರ್ಧಕ್ಕೇ ನಿಂತಂತೆ. ಹಾಗೆಯೇ ಹಳೆಯ ಕಲ್ಲುಗುಡಿಯ ಮೈಗೆ ಎಣ್ಣೆಬಣ್ಣ ಬಳಿಯುವುದು, ಕೆತ್ತನೆಯ ಮೇಲೆ ಟೈಲ್ಸ್ ಅಂಟಿಸುವುದು ಬೇಡ. ಕಲ್ಲನ್ನು ಕಲ್ಲಾಗಿಯೇ ಬಿಟ್ಟರೆ ಅದರ ಚೆಲುವು ಮೊಮ್ಮಕ್ಕಳಿಗೂ ಸಿಗುತ್ತದೆ.

ಮುಂದಿನ ಬೇಸಗೆಯಲ್ಲಿ ಒಂದು ಕೆಲಸ ಆಗಬೇಕು. ಬೆಳಗಾವಿ, ಖಾನಾಪುರದ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ, ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಇಬ್ಬರೂ ಒಟ್ಟಿಗೆ ಟೇಪು, ಕ್ಯಾಮೆರಾ ಹಿಡಿದು ಯಳ್ಳೂರ ಗಡ, ಕಾಕತಿಯ ಗುಡ್ಡ ಹತ್ತಲಿ. ಗೋಡೆ ಎಲ್ಲಿ ಹೊಟ್ಟೆ ಬಿಟ್ಟಿದೆ, ಗಚ್ಚು ಎಲ್ಲಿ ಬಿರಿದಿದೆ, ಯಾವ ಸಂದಿನಲ್ಲಿ ಗಿಡ ಎದ್ದಿದೆ ಎಂದು ಬರೆದುಕೊಳ್ಳಲಿ. ಗುರವರ ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರಜ್ಜನ ಕಾಲಕ್ಕೆ ನೀರು ಎಲ್ಲಿಂದ ತರುತ್ತಿದ್ದರು, ಪಾಲಕಿ ಯಾವ ದಾರಿಯಲ್ಲಿ ಹೋಗುತ್ತಿತ್ತು ಎಂದು ಕೇಳಿ ಧ್ವನಿಮುದ್ರಣ ಮಾಡಿಕೊಳ್ಳಲಿ. ಮಿರಗದ ಮಳೆ ಕೂಡುವ ಮೊದಲು ಆ ಪಟ್ಟಿಯ ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ, ಒಂದು ಪುರಾತತ್ವ ಇಲಾಖೆಗೆ, ಒಂದು ಗುಡಿಯ ಕಮಿಟಿಗೆ ತಲುಪಲಿ. ಮರುವರ್ಷ ಅದೇ ಜಾಗಗಳನ್ನು ಮತ್ತೆ ಅಳೆದಾಗ ಯಾವ ಗೋಡೆ ಎಷ್ಟು ಜಾರಿದೆ, ಯಾವುದಕ್ಕೆ ಮೊದಲು ಕೈಹಾಕಬೇಕು ಎಂಬುದು ಅಂದಾಜಿನ ಮಾತಾಗದೆ ಲೆಕ್ಕದ ಮಾತಾಗುತ್ತದೆ. ಗಡ ಹತ್ತುವ ಮಕ್ಕಳಿಗೆ ಯಳ್ಳೂರಿನಲ್ಲಿ ಊಟ ಹಾಕುವ ಮನೆಗಳಿಗೆ ಕೊರತೆಯಾಗದು, ಆ ಊರಿನವರನ್ನು ಬಲ್ಲೆನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.